ಸೋಮವಾರದ ಗುಳ್ಳೆಗಳು

ರಕ್ತದಲ್ಲಿ ಗುಳ್ಳೆ ಹಾದುಹೋಗುವಾಗ ಸದ್ದಾಗುತ್ತದೆ. ಹೀಗೆ ಹೇಳಿದರೆ ಜನ ನನ್ನ ಮುಖ ನೋಡಿ ನಗುತ್ತಾರೆ, ನಗಲಿ. ನಾನು ಒಂದು ಚಳಿಗಾಲವಿಡೀ ಅದನ್ನೇ ಕೇಳಿದವಳು. ಎದೆಯ ಮೇಲೆ ಡಾಪ್ಲರ್ ಯಂತ್ರದ ಪ್ರೋಬ್ ಒತ್ತಿ ಹಿಡಿದು, ಕಿವಿಗೆ ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದರೆ ಮೊದಲು ಕೇಳುವುದು ರಕ್ತ ಹರಿಯುವ ಹುಶ್, ಹುಶ್. ಅದರ ನಡುವೆ ಎಲ್ಲೋ ಒಂದು ಚಿಟ್. ಕಾದ ಎಣ್ಣೆಗೆ ಒಂದೇ ಒಂದು ಸಾಸಿವೆ ಬಿದ್ದ ಹಾಗೆ. ಅದು ಗುಳ್ಳೆ.

ಸಮುದ್ರದ ತಳದಲ್ಲಿ ಸಿಲಿಂಡರಿನ ಗಾಳಿ ಉಸಿರಾಡುವವರ ಮೈಯೊಳಗೆ ನೈಟ್ರೋಜನ್ ಕರಗುತ್ತ ಹೋಗುತ್ತದೆ. ಮೇಲೆ ಬರುವಾಗ ಅದು ಹೊರಗೆ ಬರಲೇಬೇಕು. ನಿಧಾನ ಬಂದರೆ ಹೆಚ್ಚಿನದೆಲ್ಲ ಉಸಿರಿನಲ್ಲಿ ಹೋಗುತ್ತದೆ. ಉಳಿದದ್ದು ಪುಟ್ಟ ಗುಳ್ಳೆಗಳಾಗಿ ರಕ್ತದಲ್ಲಿ ತೇಲಿ ಹೃದಯದ ಬಲಗಡೆಗೆ ಬಂದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ಸೋಸಿ ಹೋಗುತ್ತದೆ. ಸ್ವಲ್ಪ ಗುಳ್ಳೆ ಇದ್ದರೆ ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ಜಾಸ್ತಿಯಾದರೆ ಕೀಲುಗಳಲ್ಲಿ ನೋವು, ಕೈಕಾಲು ಜೋಮು, ಇನ್ನೂ ಜಾಸ್ತಿಯಾದರೆ ಎದ್ದು ನಿಲ್ಲಲಿಕ್ಕೂ ಆಗದ ಸ್ಥಿತಿ. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ನಾನು ದುಬೈಯ ಒಂದು ಆಸ್ಪತ್ರೆಯಲ್ಲಿ ಹೃದಯದ ಸ್ಕ್ಯಾನ್ ಮಾಡುವ ಎಕೋ ಟೆಕ್ನಿಶಿಯನ್. ಉಡುಪಿ ಕಡೆಯ ಕೊಂಕಣಿಯವಳು, ಸಮುದ್ರದ ಬದಿಯಲ್ಲೇ ಬೆಳೆದರೂ ಈಜು ಬಾರದವಳು. ನೀರೆಂದರೆ ನನಗೆ ಇವತ್ತಿಗೂ ಹೆದರಿಕೆ. ಅಂಥವಳನ್ನು ಆ ಚಳಿಗಾಲ ನಮ್ಮ ಆಸ್ಪತ್ರೆಯವರು ಅಬುಧಾಬಿಯ ಮುಸಫ್ಫಾದ ಒಂದು ಡೈವಿಂಗ್ ಕಂಪನಿಗೆ ಎರವಲು ಕೊಟ್ಟರು. ಬಂದರಿನ ಹಳೇ ಜೆಟ್ಟಿಯ ಕಂಬಗಳನ್ನು ನೀರಿನೊಳಗೆ ತಪಾಸಣೆ ಮಾಡುವ ಕೆಲಸ ಅವರಿಗೆ ಸಿಕ್ಕಿತ್ತು. ಕಂಪನಿಯ ಡಾಕ್ಟರು ಈಜಿಪ್ಟಿನ ಹಿರಿಯರು, ಕೆಂಪು ಸಮುದ್ರದಲ್ಲಿ ತಾವೇ ಮುಳುಗಿ ಎದ್ದವರು. ಅವರಿಗೆ ಒಂದೇ ಪ್ರಶ್ನೆ. ಡೈವರ್‌ಗಳು ನೀರಿಗೆ ಇಳಿಯುವ ಮೊದಲು ವ್ಯಾಯಾಮ ಮಾಡಿದರೆ ಗುಳ್ಳೆ ಹೆಚ್ಚುತ್ತದೋ, ಕಡಿಮೆಯಾಗುತ್ತದೋ?

"ಪುಸ್ತಕ ಒಂದು ಹೇಳುತ್ತದೆ, ಡೈವರ್‌ಗಳು ಇನ್ನೊಂದು ಹೇಳುತ್ತಾರೆ," ಎಂದರು ಮೊದಲ ದಿನವೇ. "ನಾವು ಎದೆಯನ್ನೇ ಕೇಳೋಣ. ಯಲ್ಲಾ, ನಡೀರಿ ಸಿಸ್ಟರ್."

ನಾನು ಸಿಸ್ಟರ್ ಅಲ್ಲ, ನರ್ಸೂ ಅಲ್ಲ. ಎಷ್ಟು ಸಲ ಹೇಳಿದರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ನಾನೇ ಬಿಟ್ಟುಬಿಟ್ಟೆ.

ನಮ್ಮ ಮನೆ ಅಲ್ ಬರ್ಷಾದಲ್ಲಿ. ಇನ್ನೂ ಬೆಳಕು ಹರಿಯುವ ಮೊದಲು ಕಂಪನಿಯ ಬಸ್ಸು ಮೆಟ್ರೋ ಸ್ಟೇಷನ್ನಿನ ಬದಿಗೆ ಬರುತ್ತಿತ್ತು. ಹತ್ತಿ ಕುಳಿತರೆ ಅರ್ಧ ನಿದ್ದೆ. ಹೊರಗೆ ಮಂಜು, ದೀಪಗಳು, ಮರಳು, ಮತ್ತೆ ಮಂಜು. ಬಸ್ಸು ಹೋಗುತ್ತಿದೆಯೋ ರಸ್ತೆಯೇ ನಮ್ಮ ಅಡಿಯಿಂದ ಹಿಂದಕ್ಕೆ ಜಾರುತ್ತಿದೆಯೋ ತಿಳಿಯುತ್ತಿರಲಿಲ್ಲ. ಆಮೇಲೆ ಜೆಟ್ಟಿಯ ಬಳಿ ನಿಲ್ಲಿಸಿದ ಚಪ್ಪಟೆ ತಳದ ದೋಣಿ, ನಮ್ಮ ಬಾರ್ಜು, ಹಾಲಿನ ಬಣ್ಣದ ನೀರು, ಕಂಬಗಳ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ನೀರುಕಾಗೆಗಳು. ಆ ತಿಂಗಳುಗಳನ್ನು ನೆನೆದರೆ ಎಲ್ಲವೂ ಕಣ್ಣಿಗಿಂತ ಹೆಚ್ಚು ಕಿವಿಯಲ್ಲೇ ನೆನಪಾಗುತ್ತದೆ.

ಕೆಲಸದ ಕ್ರಮ ಹೀಗೆ. ಡೈವರ್ ಮೇಲೆ ಬಂದು ಸೂಟ್ ಕಳಚಿ ಮೈ ಒರೆಸಿಕೊಂಡ ಮೇಲೆ ಬಾರ್ಜಿನ ಮೇಲೆ ನನಗೆ ಕೊಟ್ಟ ಕಂಟೇನರ್ ಕೋಣೆಗೆ ಬರಬೇಕು. ಎದೆಯ ಎಡಬದಿಗೆ ಜೆಲ್ ಹಚ್ಚಿ ಪ್ರೋಬ್ ಇಟ್ಟು, ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೊರಡುವ ಜಾಗ ಹುಡುಕಬೇಕು. ಮೊದಲು ಅವನು ಅಲ್ಲಾಡದೆ ನಿಂತಿರಬೇಕು. ಆಮೇಲೆ ಮೊಣಕಾಲು ಮಡಚಿ ಕೂತು ಏಳಬೇಕು, ಶಾಲೆಯಲ್ಲಿ ಬಸ್ಕಿ ಹೊಡೆದ ಹಾಗೆ. ಕೂತು ಎದ್ದಾಗ ಕಾಲಿನ ಮಾಂಸಖಂಡಗಳಲ್ಲಿ ಅಡಗಿದ್ದ ಗುಳ್ಳೆಗಳೆಲ್ಲ ಒಮ್ಮೆಲೇ ಎದ್ದು ಮೇಲೆ ಬರುತ್ತವೆ. ಸುಮ್ಮನಿದ್ದ ಎದೆ ಆಗ ಚಿಟಚಿಟ ಎನ್ನುತ್ತದೆ. ಸದ್ದಿಗೆ ಸೊನ್ನೆಯಿಂದ ನಾಲ್ಕರವರೆಗೆ ದರ್ಜೆ. ಸೊನ್ನೆ ಅಂದರೆ ಏನೂ ಇಲ್ಲ. ನಾಲ್ಕು ಅಂದರೆ ಗುಳ್ಳೆಯ ಗದ್ದಲದಲ್ಲಿ ಹೃದಯದ ಸದ್ದೇ ಕೇಳುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಬೇಕು, ಮತ್ತೆ ಬಿಟ್ಟು ಮತ್ತೆ.

ಮೊದಮೊದಲು ಎಲ್ಲ ಎಡವಟ್ಟು. ಜನರೇಟರಿನ ಗುಂಯ್‌ಗುಟ್ಟುವಿಕೆ ಹೆಡ್‌ಫೋನಿಗೇ ನುಗ್ಗುತ್ತಿತ್ತು. ಎದೆಯ ಕೂದಲು ಪ್ರೋಬಿಗೆ ಉಜ್ಜಿದರೂ ಗುಳ್ಳೆಯ ಹಾಗೇ ಕೇಳಿಸುತ್ತಿತ್ತು. ಒಬ್ಬನಿಗೆ ಮೂರು ಅಂತ ಬರೆದು, ಜೆಲ್ ಇನ್ನಷ್ಟು ಹಚ್ಚಿ ಕೇಳಿದರೆ ಸೊನ್ನೆ. ನನ್ನ ತಲೆ ಕೆಟ್ಟು ಹೋಯಿತು. ಡಾಕ್ಟರು ತಮ್ಮ ಹಳೇ ಧ್ವನಿಮುದ್ರಣಗಳನ್ನು ತಂದುಕೊಟ್ಟರು. ಅವನ್ನು ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಬಟ್ಟೆ ಮಡಚುವಾಗ ಕೇಳಿದೆ. ಕನಸಿನಲ್ಲೂ ಕೇಳತೊಡಗಿತು. ನಾನು ಒಂದು ದೊಡ್ಡ ಹೃದಯದೊಳಗೆ ಕೂತಿದ್ದೇನೆ, ಹೊರಗಡೆ ಯಾರೋ ಒಗ್ಗರಣೆ ಹಾಕುತ್ತಿದ್ದಾರೆ. ಏಳುವಾಗ ಹೆದರಿಕೆಯ ಬದಲು ಎಂಥದೋ ಒಂದು ಸುಖ.

ಆ ಡೈವರ್‌ಗಳಲ್ಲಿ ಒಬ್ಬ ಭಟ್ಕಳದವನು. ನವಾಯತ ಮುಸ್ಲಿಮರ ವ್ಯಾಪಾರದ ಮನೆ ಅವನದು. ಅಣ್ಣಂದಿರಿಗೆ ದುಬೈಯ ದೇರಾದಲ್ಲಿ ಬಟ್ಟೆಯಂಗಡಿ. ಇವನೊಬ್ಬ ಮಾತ್ರ ಊರಿನ ಹತ್ತಿರದ ದ್ವೀಪಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ದೋಣಿಗಳಲ್ಲಿ ಡೈವಿಂಗ್ ಕಲಿತು ನೀರಿನ ಹಿಂದೆ ಬಂದವನು. ಅವನಿಗೆ ತುಳು ಬಾರದು, ನನಗೆ ನವಾಯತಿ ಬಾರದು. ಹಾಗಾಗಿ ಆ ಬಾರ್ಜಿನಲ್ಲಿ ನಮ್ಮಿಬ್ಬರದು ಕನ್ನಡ.

"ಅಣ್ಣಂದಿರು ಅಂಗಡಿಯ ಗಲ್ಲಾದಲ್ಲಿ ನನಗೊಂದು ಕುರ್ಚಿ ಖಾಲಿ ಇಟ್ಟಿದ್ದಾರೆ ಅಕ್ಕ," ಎಂದಿದ್ದ ಒಮ್ಮೆ. "ಕಂಪನಿ ನನ್ನನ್ನು ಅನ್‌ಫಿಟ್ ಮಾಡಿದ ದಿನ ಅದರಲ್ಲಿ ಕೂರ್ಬೇಕು. ಹಾಗಂತ ಮಾತಾಗಿದೆ."

"ಕೂತರೆ ಎಂತ ಆಗ್ತದೆ? ಏಸಿ ಉಂಟು, ಚಾ ಬರ್ತದೆ."

"ನೀವು ಕೆಳಗೆ ಬಂದು ನೋಡಿಲ್ಲ ಅಕ್ಕ. ಅದಕ್ಕೆ ಹೀಗೆ ಹೇಳ್ತೀರಿ. ಕೆಳಗೆ ಯಾರೂ ಮಾತಾಡುದಿಲ್ಲ. ಬೆಳಕು ಮೇಲಿಂದ ಇಳೀತಾ ಇರ್ತದೆ. ನನ್ನ ಉಸಿರು ನನಗೇ ಕೇಳ್ತದೆ. ಮಲಗಿ ಎದ್ದ ಹಾಗೆ ಆಗ್ತದೆ ಮನಸ್ಸು."

ಅವನ ಎದೆ ಎಲ್ಲರಿಗಿಂತ ಶಾಂತ. ಕೂತು ಎದ್ದರೂ ಸೊನ್ನೆ, ಅಪರೂಪಕ್ಕೆ ಒಂದು. ಅವನ ಎದೆಗೆ ಪ್ರೋಬ್ ಇಟ್ಟರೆ ನನಗೆ ನಿದ್ದೆ ಬರುವಷ್ಟು ಹಾಯೆನಿಸುತ್ತಿತ್ತು. ಇಂಥವನು ಕುರ್ಚಿಯಲ್ಲಿ ಕೂತು ಬಟ್ಟೆ ಅಳೆಯುವುದು ನನಗೂ ಬೇಡವಾಗಿತ್ತು.

ಡಾಕ್ಟರು ಡೈವರ್‌ಗಳನ್ನು ಗುಂಪು ಮಾಡಿ ಕೆಲವರನ್ನು ಹಿಂದಿನ ದಿನ ಓಡಿಸಿದರು, ಕೆಲವರನ್ನು ಇಳಿಯುವ ಮೊದಲು ಬೆಳಿಗ್ಗೆ ಅಂಗಳದಲ್ಲಿ ಹಗೂರ ಓಡಿಸಿದರು, ಕೆಲವರನ್ನು ಸುಮ್ಮನೆ ಕೂರಿಸಿದರು. ನಾವೆಲ್ಲ ಓಡಿದವರಿಗೇ ಗುಳ್ಳೆ ಹೆಚ್ಚು ಅಂದುಕೊಂಡಿದ್ದೆವು. ಆದದ್ದು ತಿರುಗುಮುರುಗು. ಓಡಿ ಬಂದವರ ಎದೆ ಕೂತವರ ಎದೆಗಿಂತ ಸುಮ್ಮನಿತ್ತು. ರಕ್ತನಾಳದ ಗೋಡೆಗೆ ಅಂಟಿಕೊಂಡ ಕಣ್ಣಿಗೆ ಕಾಣದ ಗಾಳಿಯ ಬೀಜಗಳನ್ನು ರಕ್ತದ ಓಟ ತೊಳೆದು ಬಿಡುತ್ತದೋ ಏನೋ, ಖಂಡಿತ ಯಾರಿಗೂ ಗೊತ್ತಿಲ್ಲ ಎಂದರು ಡಾಕ್ಟರು. "ನಮ್ಮಲ್ಲಿರುವುದು ಬೆರಳೆಣಿಕೆಯ ಜನ. ಇದನ್ನು ಊರಿಗೆಲ್ಲ ಸಾರಬೇಡಿ."

ನಾನು ಊರಿಗೆ ಸಾರಲಿಲ್ಲ. ಮನೆಯಲ್ಲಿ ಹೇಳಿದೆ. ನನ್ನ ಗಂಡನಿಗೆ ಅಷ್ಟು ಸಾಕಾಯಿತು.

ನನ್ನ ಗಂಡ ಹಗಲು ಆಫೀಸಿನಲ್ಲಿ ಅಕೌಂಟೆಂಟ್. ಉಳಿದ ಹೊತ್ತೆಲ್ಲ ಹಗ್ಗಜಗ್ಗಾಟದ ಕೋಚ್. ನಮ್ಮ ಕರಾವಳಿಯವರಿಗೆ ಇಲ್ಲಿ ಬಂದ ಮೇಲೆ ಹಗ್ಗದ ಹುಚ್ಚು ಇನ್ನೂ ಜಾಸ್ತಿ. ವರ್ಷಕ್ಕೊಮ್ಮೆ ಊದ್ ಮೇಥಾದ ಮೈದಾನದಲ್ಲಿ ಪಂದ್ಯ, ಮಕ್ಕಳು ಮರಿಯೆಲ್ಲ ಬಂದು ಕೂಗುತ್ತಾರೆ. ಒಂದು ದಿನ ನನ್ನನ್ನು ಬಸ್ಸಿಗೆ ಬಿಡಲು ಬಂದವರು ಕಿಟಕಿಯಲ್ಲಿ ಭಟ್ಕಳದವನನ್ನು ನೋಡಿಬಿಟ್ಟರು. ಅವನು ವಾರದ ದಿನಗಳಲ್ಲಿ ಮುಸಫ್ಫಾದ ಕಂಪನಿ ರೂಮಿನಲ್ಲಿ ಇರುತ್ತಿದ್ದ. ಶನಿವಾರ, ಭಾನುವಾರ ಅಣ್ಣನ ಮನೆಗೆ ಬಂದು ಸೋಮವಾರ ಬೆಳಿಗ್ಗೆ ನನ್ನ ಜೊತೆಗೇ ಆ ಬಸ್ಸು ಹತ್ತುತ್ತಿದ್ದ.

"ಆ ಭುಜ ನೋಡಿದಿಯಾ?" ಎಂದರು ನನ್ನ ಗಂಡ. "ಅಂಥವನನ್ನು ನೀನು ಇಷ್ಟು ದಿನ ಬಚ್ಚಿಟ್ಟದ್ದು ಎಂತಕ್ಕೆ? ಹಗ್ಗದ ಕೊನೆಗೆ ಕಟ್ಟಿದರೆ ಆನೆ ಬಂದರೂ ಅಲ್ಲಾಡ್ಲಿಕ್ಕಿಲ್ಲ."

"ಅವನಿಗೆ ಬೇರೆ ಕೆಲಸ ಉಂಟು, ಬಿಡಿ."

"ವ್ಯಾಯಾಮ ಮಾಡಿದ್ರೆ ಗುಳ್ಳೆ ಕಮ್ಮಿ ಅಂತ ಹೇಳಿದ್ದು ನೀನೇ ಅಲ್ವಾ?"

ಬಾಯಿ ಮುಚ್ಚಿಸಿಬಿಟ್ಟರು. ನನಗೂ ಅದು ಸರಿಯೆಂದೇ ಕಂಡಿತು. ವ್ಯಾಯಾಮ ಅಂದರೆ ವ್ಯಾಯಾಮ, ಅದರಲ್ಲಿ ಜಾತಿ ಎಂಥದ್ದು? ಭಟ್ಕಳದವನೂ ಕುಣಿದುಕೊಂಡು ಬಂದ. ಭಾನುವಾರ ಸಂಜೆ ಮತ್ತು ಸೋಮವಾರ ನಸುಕಿನಲ್ಲಿ ನಮ್ಮ ಮನೆಯ ಹತ್ತಿರದ ಮರಳಿನಲ್ಲಿ ತಾಲೀಮು. ನಾನು ಬುತ್ತಿ ಕಟ್ಟಿ ಕೆಳಗಿಳಿಯುವಾಗ ಅವರು ಎಳೆಯುವುದು ದೂರದಿಂದ ಕೇಳುತ್ತಿತ್ತು. ನನ್ನ ಗಂಡನ ಗಂಟಲು, "ಎಳಿ… ಹಿಡಿ… ಹಿಡಿ… ಬಿಡು!" ಮಂಜಿನಲ್ಲಿ ಎಂಟು ಜನ ಹಿಂದಕ್ಕೆ ವಾಲಿ, ಉಸಿರು ಬಿಗಿಹಿಡಿದು, ಅಲ್ಲಾಡದೆ ನಿಂತಿರುತ್ತಿದ್ದರು. ಆಮೇಲೆ ಅವನು ಮುಖ ತೊಳೆದು ಓಡಿ ಬಂದು ಬಸ್ಸು ಹತ್ತುತ್ತಿದ್ದ.

ಒಂದು ಸೋಮವಾರ ಅವನ ಎದೆಯಲ್ಲಿ ಗುಳ್ಳೆ ಕೇಳಿತು. ನಿಂತಾಗ ಅಲ್ಲೊಂದು ಇಲ್ಲೊಂದು. ಕೂತು ಎದ್ದಾಗ ಹಿಡಿ ಸಾಸಿವೆ ಸುರಿದ ಹಾಗೆ. ಜೆಲ್ ಒರೆಸಿ, ಮತ್ತೆ ಹಚ್ಚಿ, ಜನರೇಟರ್ ನಿಲ್ಲಿಸಲು ಹೇಳಿ ಮತ್ತೆ ಕೇಳಿದೆ. ಮೂರು.

"ಎಂತ ತಿಂದೆ ಮಾರಾಯ ನೀನು?"

"ಅತ್ತಿಗೆ ಬಿರಿಯಾನಿ ಮಾಡಿದ್ರು ನಿನ್ನೆ."

"ಬಿರಿಯಾನಿ ಎದೆಯಲ್ಲಿ ಚಿಟಚಿಟ ಅನ್ನುದಿಲ್ಲ."

ಮಂಗಳವಾರ ಮತ್ತೆ ಸೊನ್ನೆ. ಬುಧವಾರ ಸೊನ್ನೆ. ಮುಂದಿನ ಸೋಮವಾರ ಮತ್ತೆ ಮೂರು. ಡಾಕ್ಟರು ಅವನ ಕೈಯ ಡೈವ್ ಕಂಪ್ಯೂಟರ್ ತೆಗೆದು ನೋಡಿದರು. ಹೋದ ಆಳ ಅಷ್ಟೇ, ಕೆಳಗಿದ್ದ ಹೊತ್ತು ಅಷ್ಟೇ, ಮೇಲೆ ಬಂದದ್ದೂ ನಿಧಾನವಾಗಿಯೇ, ನಡುವೆ ನಿಲ್ಲಬೇಕಾದಲ್ಲಿ ನಿಂತಿದ್ದಾನೆ. ನಿದ್ದೆ ಸರಿಯಿದೆ, ಸಿಗರೇಟಿಲ್ಲ, ಕುಡಿತ ಮೊದಲೇ ಇಲ್ಲ. ಡೈವಿಂಗ್ ಸೂಪರ್‌ವೈಸರ್ ಫಿಲಿಪೀನ್ಸ್‌ನವನು, ಯಾವತ್ತೂ ನಗುವ ಮನುಷ್ಯ. ಅವನು ಮಾತ್ರ ನನ್ನ ಕಡೆ ಅನುಮಾನದಿಂದ ನೋಡಿದ. "ಮೇಡಮ್, ಸೋಮವಾರ ನಿಮ್ಮ ಕಿವಿಗೇ ನಿದ್ದೆ ಇರಬಹುದಾ?"

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ನನಗೇ ಅನುಮಾನ ಹತ್ತಿತು. ಕನಸಿನಲ್ಲಿ ಕೇಳಿದ್ದನ್ನೇ ಎಚ್ಚರದಲ್ಲಿ ಕೇಳುತ್ತಿದ್ದೇನೆಯೇ? ಹಗ್ಗದ ವಿಷಯ ಮನಸ್ಸಿಗೆ ಬಾರದೆ ಇರಲಿಲ್ಲ. ಬಂದದ್ದು ತಲೆಕೆಳಗಾಗಿ ಬಂತು. ಅಷ್ಟು ಚಂದ ವ್ಯಾಯಾಮ ಮಾಡಿಯೂ ಇವನಿಗೆ ಯಾಕೆ ಹೀಗೆ, ಮಾಡದಿದ್ದರೆ ಇನ್ನೆಷ್ಟು ಆಗುತ್ತಿತ್ತೋ ಅಂತ!

ಪಂದ್ಯ ಹತ್ತಿರ ಬಂತು. ಆ ವಾರದ ಸೋಮವಾರ ಬಸ್ಸು ಹತ್ತಿದವನು ನನ್ನ ಪಕ್ಕ ಕೂತು ಕಿಟಕಿಗೆ ತಲೆ ಒರಗಿಸಿದ. ತುಟಿ ಒಣಗಿತ್ತು. ಫ್ಲಾಸ್ಕಿನಿಂದ ಚಾ ಬಗ್ಗಿಸಿ ಕೊಟ್ಟರೆ ಬೇಡ ಅಂದ. ಆಚೆ ಬಿಳೀ ಮಂಜು, ಈಚೆ ಇವನ ನಿದ್ದೆ. ನಾನೂ ಕಣ್ಣು ಮುಚ್ಚಿದೆ.

ಆ ದಿನ ಅವನು ಎರಡು ಸಲ ಇಳಿದ. ಎರಡನೇ ಸಲ ಮೇಲೆ ಬಂದಾಗ ಹೆಡ್‌ಫೋನಿನಲ್ಲಿ ಕೇಳಿದ್ದು ನಾನು ಆವರೆಗೆ ಕೇಳಿರಲಿಲ್ಲ. ನಿಂತಲ್ಲೇ ಚಿಟಚಿಟ. ಕೂತು ಎದ್ದಾಗ ಹೃದಯದ ಹುಶ್ ಹುಶ್ ಎಲ್ಲೋ ಆಳಕ್ಕೆ ಹೋಗಿ, ಇಡೀ ಬಾಣಲೆಯೇ ಸಿಡಿಯತೊಡಗಿತು. ಹೆದರಿಕೆಯ ಸದ್ದು, ಆದರೆ ಕೇಳುತ್ತ ಕೇಳುತ್ತ ನಾನು ಅದರಲ್ಲೇ ಮುಳುಗಿಹೋದೆ. ನನ್ನನ್ನು ಎಬ್ಬಿಸಿದ್ದು ಅವನ ಕೈ. ಬಲಗೈಯಿಂದ ಎಡಗೈಯ ಮೊಣಕೈಯನ್ನು ಹಿಡಿದು ಮೆಲ್ಲಗೆ ಉಜ್ಜುತ್ತಿದ್ದ.

"ಕೈಗೆ ಎಂತ ಆಯ್ತು?"

"ಏನಿಲ್ಲ ಅಕ್ಕ. ಹಗ್ಗದ್ದು. ಬೆಳಿಗ್ಗೆ ಎಳೆದದ್ದು ಜಾಸ್ತಿ ಆಯ್ತು."

ಹೊರಗೆ ಸೂಪರ್‌ವೈಸರ್ ಕೂಗುತ್ತಿದ್ದ, "ಯಲ್ಲಾ ಯಲ್ಲಾ, ಬೋಟು ಬಂತು, ಬಸ್ಸು ಕಾಯ್ತಾ ಇದೆ." ಹಗ್ಗ ಎಳೆದವನಿಗೆ ಕೈ ನೋಯದೆ ಇನ್ನೇನು? ನಾನೂ ಒಪ್ಪಿದೆ. ಜೆಲ್ ಒರೆಸಿಕೊಳ್ಳಲು ಟಿಶ್ಯೂ ಕೊಟ್ಟೆ. ಅವನು ಅಂಗಿ ಹಾಕಿಕೊಳ್ಳುವಾಗ ನನ್ನ ಕೈ ಅವನ ಮೊಣಕೈಗೆ ತಾಗಿತು. ಅವನು ಮುಖ ಕಿವುಚಲಿಲ್ಲ. ನಾನು ಬೇಕೆಂದೇ ಒತ್ತಿದೆ. ಏನೂ ಇಲ್ಲ.

"ನೋಯುದಿಲ್ವಾ?"

"ಒತ್ತಿದ್ರೆ ನೋಯುದಿಲ್ಲ. ಒಳಗೆ. ಹಲ್ಲುನೋವು ಇರ್ತದಲ್ಲ, ಹಾಗೆ."

"ಮಡಚು. ಬಿಡಿಸು. ಜಾಸ್ತಿ ಆಯ್ತಾ?"

"ಇಲ್ಲ. ಹಾಗೇ ಉಂಟು."

ಹಗ್ಗದಿಂದ ಉಳುಕಿದ ಕೈಯಾದರೆ ಒತ್ತಿದರೆ ನೋಯಬೇಕು, ಮಡಚಿದರೆ ನೋಯಬೇಕು. ನನ್ನ ಗಂಡನ ತಂಡದ ಎಷ್ಟು ಕೈಗಳಿಗೆ ನಾನು ಎಣ್ಣೆ ತಿಕ್ಕಿಲ್ಲ! ಇದು ಆ ನೋವಲ್ಲ.

"ನೀವು ಡಾಕ್ಟರಿಗೆ ಹೇಳ್ಬೇಡಿ ಅಕ್ಕ," ಎಂದ ಅವನು, ನನ್ನ ಮುಖ ನೋಡಿಯೇ. "ಭಾನುವಾರ ಮ್ಯಾಚ್ ಉಂಟು. ಇವರು ಅನ್‌ಫಿಟ್ ಅಂತ ಬರೆದರೆ ನನ್ನದು ಖಲಾಸ್. ಅಣ್ಣ ಕುರ್ಚಿ ಒರೆಸಿ ಇಟ್ಟಿದ್ದಾನೆ. ನಾಳೆ ಬೆಳಿಗ್ಗೆ ಸರಿಯಾಗ್ತದೆ, ದೇವರಾಣೆ."

ಬಾಗಿಲಲ್ಲಿ ಸೂಪರ್‌ವೈಸರ್ ಬಂದು ನಿಂತ. ನಾನು ಅವನಿಗೆ, ಬಸ್ಸು ಹೋಗುವುದಾದರೆ ಹೋಗಲಿ, ನಾವಿಬ್ಬರು ಬರುವುದಿಲ್ಲ ಎಂದೆ. ಅವನ ನಗು ಮಾಯವಾಯಿತು.

ಡಾಕ್ಟರು ಒಂದು ಉಪಾಯ ಹೇಳಿಕೊಟ್ಟಿದ್ದರು. ಕೀಲಿನಲ್ಲಿರುವುದು ಗುಳ್ಳೆಯ ನೋವಾದರೆ, ಹೊರಗಿನಿಂದ ಒತ್ತಡ ಹಾಕಿದಾಗ ಗುಳ್ಳೆ ಕುಗ್ಗಿ ನೋವು ಕಡಿಮೆಯಾಗಬಹುದು. ಕಡಿಮೆಯಾಗದಿದ್ದರೆ ಗುಳ್ಳೆ ಅಲ್ಲವೆಂದು ನಂಬಿ ಕೂರಬಾರದು, ಆದರೆ ಕಡಿಮೆಯಾದರೆ ಅನುಮಾನವೇ ಬೇಡ. ನಾನು ಬಿಪಿ ನೋಡುವ ಪಟ್ಟಿಯನ್ನು ಅವನ ಮೊಣಕೈಗೇ ಸುತ್ತಿ ಗಾಳಿ ತುಂಬಿದೆ. ಮಾಮೂಲಿಗಿಂತ ಮೇಲಕ್ಕೆ, ಪಟ್ಟಿ ಕಲ್ಲಿನ ಹಾಗೆ ಗಟ್ಟಿಯಾಗುವವರೆಗೆ. ಅವನು ಕಣ್ಣು ಮುಚ್ಚಿದ.

"ಈಗ ಹೇಗುಂಟು?"

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ.

"ಸುಳ್ಳು ಹೇಳ್ಬೇಡ ನನ್ನತ್ರ."

"ಹೋಯ್ತು ಅಕ್ಕ," ಎಂದ. ಅವನ ಕಣ್ಣಲ್ಲಿ ನೀರಿತ್ತು. ಗಾಳಿ ಬಿಟ್ಟೆ. ಮತ್ತೆ ಕೇಳುವ ಅಗತ್ಯವಿರಲಿಲ್ಲ. ನೋವು ವಾಪಸು ಬಂದದ್ದು ಮುಖದಲ್ಲೇ ಕಂಡಿತು.

ನಾನು ಡಾಕ್ಟರಿಗೆ ಫೋನ್ ಮಾಡಿದೆ. ಸೂಪರ್‌ವೈಸರ್ ಆಮ್ಲಜನಕದ ಸಿಲಿಂಡರ್ ಎಳೆದು ತಂದು ಅವನ ಮುಖಕ್ಕೆ ಮಾಸ್ಕ್ ಕಟ್ಟಿದ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಬೆಳಗಿನಿಂದ ಅವನು ಎಷ್ಟು ನೀರು ಕುಡಿದಿದ್ದಾನೆ ಅಂತ. ನಾನು ಅವನನ್ನು ಕೇಳಿದೆ. ಅವನು ತಲೆ ತಗ್ಗಿಸಿದ.

"ಉಪವಾಸವಾ?"

ಮಾಸ್ಕ್ ಎತ್ತಿ, "ರಮದಾನ್ ಇನ್ನೂ ದೂರ ಉಂಟು ಅಕ್ಕ. ಸರ್ ಅವರನ್ನು ಕೇಳಿ," ಎಂದ. ಸರ್ ಅಂದರೆ ನನ್ನ ಗಂಡ.

ಮನೆಗೆ ಫೋನ್ ಹಚ್ಚಿದೆ. ನನ್ನ ಗಂಡ ಖುಷಿಯಲ್ಲಿದ್ದರು. "ಅವನಾ? ಚಿನ್ನ ಅವನು! ತಂಡದ ಒಟ್ಟು ತೂಕ ಮಿತಿಗಿಂತ ಒಳಗೆ ಬರ್ಬೇಕಲ್ಲ, ಇಲ್ಲದಿದ್ರೆ ಹಗ್ಗ ಮುಟ್ಟಲೇ ಬಿಡುದಿಲ್ಲ. ಉಳಿದವರೆಲ್ಲ ಹೊಟ್ಟೆ ಬಿಡಲ್ಲ. ಇವನೇ ಹೇಳಿದ, ನಾನು ಇಳಿಸ್ತೇನೆ ಅಂತ. ಅಭ್ಯಾಸಕ್ಕೇ ಅಂತ ಪ್ರತೀ ಭಾನುವಾರ ಸಂಜೆಯಿಂದ ನೀರು ಮುಟ್ಟುದಿಲ್ಲ. ಜಾಕೆಟ್ ಹಾಕಿ ಬೆವರು ಇಳಿಸಿ, ಸೋಮವಾರ ಬೆಳಿಗ್ಗೆ ತಾಲೀಮು ಮುಗಿಸಿ ತೂಕ ನೋಡ್ತೇವೆ. ಇವತ್ತು ಸರೀ ಬಂತು ಗೊತ್ತುಂಟಾ?"

ಒಣಗಿದ ಮೈಯಲ್ಲಿ ರಕ್ತ ದಪ್ಪ, ಓಟ ನಿಧಾನ, ಗಾಳಿ ಹೊರಗೆ ಹೋಗುವ ದಾರಿ ಸೋಮಾರಿ. ಅದರ ಮೇಲೆ ಉಸಿರು ಬಿಗಿಹಿಡಿದು ಮಾಂಸಖಂಡ ಹರಿಯುವ ಹಾಗೆ ಎಳೆತ, ಮೈ ಸುಧಾರಿಸಿಕೊಳ್ಳುವ ಮೊದಲೇ ನೀರು. ಅಂಗಳದ ಹಗೂರ ಓಟಕ್ಕೂ ಇದಕ್ಕೂ ಎತ್ತಣ ಸಂಬಂಧ! ಎಲ್ಲಕ್ಕೂ ವ್ಯಾಯಾಮ ಅಂತ ಒಂದೇ ಹೆಸರಿಟ್ಟದ್ದು ನಾವು.

"ಭಾನುವಾರಕ್ಕೆ ಬೇರೆ ಜನ ನೋಡಿ," ಎಂದೆ.

"ಎಂತ ಹೇಳ್ತಿ? ಈಗ ಎಲ್ಲಿ ಸಿಗ್ತದೆ ಜನ?"

"ನೀವೇ ಹಗ್ಗ ಹಿಡೀರಿ. ಅವನನ್ನು ಚೇಂಬರಿಗೆ ಹಾಕ್ಲಿಕ್ಕುಂಟು."

ಅವರು ತೀರಾ ಸಣ್ಣ ದನಿಯಲ್ಲಿ, "ನಾನು ಬರ್ಬೇಕಾ ಅಲ್ಲಿಗೆ?" ಎಂದು ಕೇಳಿದರು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಗಾಳಿಯ ಒತ್ತಡದಿಂದ ಗುಳ್ಳೆಗಳನ್ನು ಕುಗ್ಗಿಸುವ ಆ ಚೇಂಬರ್ ಇದ್ದದ್ದು ಮುಸಫ್ಫಾದ ಕಂಪನಿ ಅಂಗಳದಲ್ಲಿ, ವೆಲ್ಡಿಂಗ್ ಶೆಡ್ಡಿನ ಪಕ್ಕ. ಬಿಳಿ ಬಣ್ಣದ ಉಕ್ಕಿನ ಉರುಳೆ, ಬದಿಗೆ ಸಣ್ಣ ದುಂಡು ಕಿಟಕಿ. ಒಳಗೆ ಅವನು ಮತ್ತು ಅವನನ್ನು ನೋಡಿಕೊಳ್ಳಲು ಒಬ್ಬ ಡೈವರ್. ಬಾಗಿಲು ಮುಚ್ಚಿ ಗಾಳಿ ತುಂಬಿದರು. ನೀರಿಲ್ಲದ ನೆಲದ ಮೇಲೆಯೇ ಅವನು ಹದಿನೆಂಟು ಮೀಟರ್ ಆಳಕ್ಕೆ ಇಳಿದ. ಡಾಕ್ಟರು ಗಾಳಿಯ ಒತ್ತಡದ ಮುಳ್ಳು ನೋಡುತ್ತ ನಿಂತರು. ನಾನು ಕಿಟಕಿಗೆ ಕಣ್ಣಿಟ್ಟು ಕೂತೆ. ನನಗೆ ಸಮುದ್ರದ ತಳ ಕಂಡದ್ದು ಅದೊಂದೇ ಸಲ. ಹಳದಿ ದೀಪ, ಎರಡು ಮಂಚ, ಮಾಸ್ಕಿನೊಳಗೆ ನಿದ್ದೆಗಣ್ಣಿನ ಒಬ್ಬ ಮನುಷ್ಯ.

ತಳ ಮುಟ್ಟಿದ ಸ್ವಲ್ಪ ಹೊತ್ತಿಗೆ ಅವನು ಎಡಗೈ ಎತ್ತಿ ಮಡಚಿ ಬಿಡಿಸಿ ತೋರಿಸಿದ. ಸ್ಪೀಕರಿನಲ್ಲಿ ಅವನ ದನಿ ಕೀರಲಾಗಿ ಬಂತು. "ನೋವು ಮಾಫಿ, ಅಕ್ಕ. ಇಲ್ಲವೇ ಇಲ್ಲ."

ಡಾಕ್ಟರು ಅಲ್‌ಹಮ್ದುಲಿಲ್ಲಾಹ್ ಎಂದರು. ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಆಮೇಲೆ ನಿಧಾನ, ಬಹಳ ನಿಧಾನ, ಒಂದು ಸಂಜೆಯಿಡೀ ಅವನನ್ನು ಮೇಲಕ್ಕೆ ತಂದರು. ಅಷ್ಟರಲ್ಲಿ ನನ್ನ ಗಂಡ ದುಬೈಯಿಂದ ಬಂದು ಅಂಗಳದ ಗೇಟಿನಲ್ಲಿ ನಿಂತಿದ್ದರು, ಕೈಯಲ್ಲಿ ನೀರಿನ ಬಾಟಲಿಗಳ ಕಟ್ಟು.

ಪಂದ್ಯದಲ್ಲಿ ನಮ್ಮವರು ಸೋತರು. ಎಂಟನೆಯವರಾಗಿ ಕೋಚೇ ಹಗ್ಗ ಹಿಡಿದಿದ್ದರು. ಮೊದಲ ಎಳೆತಕ್ಕೇ ಮುಗ್ಗರಿಸಿ, ಮೈದಾನದ ಅರ್ಧ ಮರಳನ್ನು ಅಂಗಿಯೊಳಗೆ ತುಂಬಿಕೊಂಡು ಎದ್ದರು. ಮಗಳು ಅದನ್ನು ವಿಡಿಯೋ ಮಾಡಿ ಇಟ್ಟುಕೊಂಡಿದ್ದಾಳೆ. ಡಾಕ್ಟರು ಡೈವರ್‌ಗಳಿಗೆ ಹೊಸ ನಿಯಮ ಮಾಡಿದರು. ಹಿಂದಿನ ದಿನ ಓಡಬಹುದು, ಬೆಳಿಗ್ಗೆ ಹಗೂರ ಮೈ ಬಿಸಿ ಮಾಡಬಹುದು. ಭಾರ ಎತ್ತುವುದು, ಉಸಿರು ಕಟ್ಟಿ ಎಳೆಯುವುದು ಇಳಿಯುವ ದಿನ ಬೇಡ, ಮೇಲೆ ಬಂದ ಮೇಲಂತೂ ಬೇಡವೇ ಬೇಡ. ನೀರು ಕುಡಿಯದವನು ನೀರಿಗೆ ಇಳಿಯುವ ಹಾಗಿಲ್ಲ.

ಆದರೆ ಭಟ್ಕಳದವನಿಗೆ ಇನ್ನೂ ಒಂದು ಪರೀಕ್ಷೆ ಬಾಕಿ ಇತ್ತು. ಹುಟ್ಟುವ ಮೊದಲು ಎಲ್ಲರ ಹೃದಯದಲ್ಲೂ ಬಲಕ್ಕೂ ಎಡಕ್ಕೂ ನಡುವೆ ಒಂದು ಪುಟ್ಟ ಕಿಂಡಿ ಇರುತ್ತದೆ. ಹುಟ್ಟಿದ ಮೇಲೆ ಹೆಚ್ಚಿನವರಲ್ಲಿ ಮುಚ್ಚುತ್ತದೆ, ಕೆಲವರಲ್ಲಿ ಮುಚ್ಚುವುದಿಲ್ಲ. ಅಂಥವರು ಉಸಿರು ಬಿಗಿಹಿಡಿದು ಬಿಟ್ಟಾಗ ಕಿಂಡಿ ತೆರೆದು, ಗುಳ್ಳೆಗಳು ಶ್ವಾಸಕೋಶದಲ್ಲಿ ಸೋಸದೆ ನೇರ ಎಡಕ್ಕೆ ದಾಟಿ ಮೆದುಳಿಗೂ ಹೋಗಬಹುದು. ಅವನಿಗೆ ಆ ಕಿಂಡಿ ಇದ್ದರೆ ಈ ಕಂಪನಿಯಲ್ಲಿ ಡೈವಿಂಗ್ ಮುಗಿಯಿತು, ಕುರ್ಚಿ ಕಾಯುತ್ತಿದೆ. ಕೆಲವು ವಾರಗಳ ವಿಶ್ರಾಂತಿಯ ನಂತರ ಅದನ್ನು ನೋಡಲು ಅವನನ್ನು ಕಳಿಸಿದ್ದು ನಮ್ಮ ಆಸ್ಪತ್ರೆಗೇ, ನನ್ನ ಕೋಣೆಗೇ.

ಕೋಣೆಯಲ್ಲಿ ದೀಪ ಆರಿಸಿದ್ದೆ. ಅವನು ಎಡಮಗ್ಗುಲಾಗಿ ಮಲಗಿದ. ನರ್ಸು ಅವನ ಕೈಯ ನಾಳಕ್ಕೆ ಸೂಜಿ ಹಾಕಿ, ಎರಡು ಸಿರಿಂಜುಗಳ ನಡುವೆ ಉಪ್ಪುನೀರನ್ನು ಆಚೆ ಈಚೆ ನೂಕಿ ನೊರೆ ಎಬ್ಬಿಸುತ್ತಿದ್ದಳು. ಇಡೀ ಚಳಿಗಾಲ ಬರಬಾರದೆಂದು ಕಾದ ಗುಳ್ಳೆಗಳನ್ನು ಈಗ ನಾವೇ ಕಳಿಸಬೇಕು.

"ಉಸಿರು ಬಿಗಿ ಹಿಡೀಬೇಕು," ಎಂದೆ. "ಹಗ್ಗದ ಕೊನೆಯಲ್ಲಿ ನಿಂತ ಹಾಗೆ. ನಾನು ಹೇಳುವಾಗ ಬಿಡು."

"ಹಗ್ಗ ಬೇಡ ಅಂದದ್ದು ನೀವೇ ಅಲ್ದಾ ಅಕ್ಕ?"

"ಇದು ಕೊನೇ ಸಲ ಮಾರಾಯ. ಎಳಿ… ಹಿಡಿ… ಹಿಡಿ…"

ನನ್ನ ಗಂಡನ ದನಿ ನನ್ನ ಗಂಟಲಿನಿಂದ ಬಂತು. ಅವನ ಕುತ್ತಿಗೆಯ ನರ ಉಬ್ಬಿತು. ನರ್ಸು ಸಿರಿಂಜು ಒತ್ತಿದಳು. ಪರದೆಯಲ್ಲಿ ಹೃದಯದ ಬಲಗಡೆಯ ಕೋಣೆಗಳಿಗೆ ಬೆಳ್ಳಗೆ ಗುಳ್ಳೆಗಳು ನುಗ್ಗಿದವು.

"ಬಿಡು!"

ಅವನು ಉಸಿರು ಬಿಟ್ಟ. ಬಲಗಡೆ ಪೂರಾ ಬಿಳಿ, ಕುದಿಯುವ ಹಾಲು. ನಡುವೆ ತೆಳ್ಳನೆಯ ಗೋಡೆ. ಗೋಡೆಯ ಆಚೆ ಕಪ್ಪು. ಒಂದು ಬಡಿತ, ಇನ್ನೊಂದು ಬಡಿತ, ಮತ್ತೂ ಒಂದು. ಗೋಡೆ ಅತ್ತ ಉಬ್ಬಿತು, ಇತ್ತ ಬಂತು. ಆಚೆ ಕಪ್ಪು ಕಪ್ಪಾಗಿಯೇ ಇತ್ತು. ಮತ್ತೆ ಮಾಡಿಸಿದೆ. ಮತ್ತೂ ಮಾಡಿಸಿದೆ. ಒಂದು ಚುಕ್ಕೆಯೂ ದಾಟಲಿಲ್ಲ. ನನ್ನ ಉಸಿರು ನಾನು ಅಷ್ಟು ಹೊತ್ತು ಹಿಡಿದಿದ್ದೆ ಅಂತ ಬಿಟ್ಟ ಮೇಲೆಯೇ ತಿಳಿಯಿತು.

ದೀಪ ಹಾಕಿದೆ. ಅವನು ಎದ್ದು ಕೂತ. "ಎಂತ ಕಂಡ್ತು ಅಕ್ಕ?"

ಟೆಕ್ನಿಶಿಯನ್ ಬಾಯಿ ಬಿಡಬಾರದು. ಹೇಳಬೇಕಾದವರು ಡಾಕ್ಟರು, ಅದೂ ಸಹಿ ಹಾಕಿದ ಮೇಲೆ. ಇಷ್ಟು ವರ್ಷ ಈ ಕೋಣೆಯಲ್ಲಿ ಯಾರು ಅತ್ತರೂ ಯಾರು ಕೈ ಮುಗಿದರೂ ನಾನು ಆ ನಿಯಮ ಮುರಿದಿಲ್ಲ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಅಂಗಡಿಯ ಕುರ್ಚಿ ಆ ಕೋಣೆಯಲ್ಲೇ ನಮ್ಮಿಬ್ಬರ ನಡುವೆ ಇದ್ದ ಹಾಗಿತ್ತು.

"ಡಾಕ್ಟರು ಹೇಳ್ತಾರೆ," ಎಂದೆ. "ನೀನು ಮೊದಲು ಹೊರಗೆ ಹೋಗಿ ನೀರು ಕುಡಿ. ಹೊಟ್ಟೆ ತುಂಬ ಕುಡಿ. ಇನ್ನು ಮುಂದೆ ದಿನಾ ಕುಡೀಬೇಕಾಗ್ತದೆ."

ಅವನಿಗೆ ಒಂದು ಕ್ಷಣ ಬೇಕಾಯಿತು. ಆಮೇಲೆ ಮುಖವೆಲ್ಲ ನಗುವಾಗಿ, ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳದೆ ಹೊರಗೆ ಓಡಿದ. ಅರೆತೆರೆದ ಬಾಗಿಲಿನಿಂದ ನನಗೆ ವರಾಂಡದ ಕೊನೆಯ ನೀರಿನ ಯಂತ್ರ ಕಾಣುತ್ತಿತ್ತು. ಅವನು ಕಾಗದದ ಲೋಟ ಹಿಡಿದು ನಲ್ಲಿ ಒತ್ತಿದ. ಮೇಲೆ ಕವುಚಿಟ್ಟ ದೊಡ್ಡ ಬಾಟಲಿಯಲ್ಲಿ ಗುಳುಂ ಎಂದು ಒಂದು ಗುಳ್ಳೆ ಎದ್ದು ಮೇಲಕ್ಕೆ ಹೋಯಿತು. ಅವನು ಕುಡಿದ, ಮತ್ತೆ ಹಿಡಿದ. ಮತ್ತೊಂದು ಗುಳುಂ. ಪ್ರೋಬಿನ ಜೆಲ್ ಒರೆಸುವ ಕೆಲಸವಿತ್ತು, ಮುಂದಿನ ರೋಗಿ ಕಾಯುತ್ತಿದ್ದರು. ನಾನು ಅಲ್ಲೇ ನಿಂತು ಕೇಳುತ್ತ ಇದ್ದೆ.